ಹುಳುಮನೆಯಲ್ಲಿ ಮೂರು ದಿನ

ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ಭೂಮಿಯ ಮೇಲೆ ಜೀವಿಗಳು ಬದುಕಲು ಏನೇನು ಬೇಕು ಎಂಬ ಪಾಠವನ್ನು ಕನಕಪುರದ ಪಕ್ಕದ ಒಂದು ಹೈಸ್ಕೂಲಿನಲ್ಲಿ ನಾನು ಇಪ್ಪತ್ತೆರಡು ವರ್ಷ ಮಾಡಿದ್ದೇನೆ. ಸೂರ್ಯನಿಂದ ಹದವಾದ ದೂರ, ಹದವಾದ ಶಾಖ, ನೀರು, ಗಾಳಿ. ಬೋರ್ಡಿನ ಮೇಲೆ ನಾಲ್ಕು ಸಾಲು ಬರೆದರೆ ಮುಗಿಯಿತು, ಬೆಲ್ ಹೊಡೆಯಲು ಇನ್ನೂ ಹತ್ತು ನಿಮಿಷ ಉಳಿದಿರುತ್ತಿತ್ತು. ಒಮ್ಮೆ ಪರೀಕ್ಷೆಯಲ್ಲಿ, "ಭೂಮಿಯಲ್ಲಿ ಮಾತ್ರ ಜೀವಿಗಳಿರಲು ಕಾರಣವೇನು?" ಎಂದು ಕೇಳಿದ್ದಕ್ಕೆ ಒಬ್ಬಳು, "ಬೇರೆ ಎಲ್ಲೂ ಜಾಗ ಸಿಗದಿದ್ದುದು" ಎಂದು ಬರೆದಿದ್ದಳು. ಸೊನ್ನೆ ಕೊಟ್ಟೆ. ಈಗಾಗಿದ್ದರೆ ಅರ್ಧ ಅಂಕವನ್ನಾದರೂ ಕೊಡುತ್ತಿದ್ದೆ. ಏಕೆಂದರೆ ಅಷ್ಟೆಲ್ಲ ಪಾಠ ಹೇಳಿದ ನಾನು ಹತ್ತು ಹೆಜ್ಜೆ ಉದ್ದದ ಒಂದೇ ಒಂದು ಕೋಣೆಯಲ್ಲಿ ಮೂರು ದಿನ ಜೀವ ಕಾಯಲು ಹೋಗಿ ಪಟ್ಟ ಪಾಡನ್ನು ಯಾವ ಮಕ್ಕಳಿಗೂ ಹೇಳಿಲ್ಲ.

ಆ ಕೋಣೆ ನಮ್ಮ ಹಿತ್ತಲಿನ ಹುಳುಮನೆ. ನನ್ನ ಹೆಂಡತಿ ಜಯಮ್ಮ ಅಲ್ಲಿ ರೇಷ್ಮೆಹುಳು ಸಾಕುತ್ತಿದ್ದಳು. ಅವಳು ಒಕ್ಕಲುಮನೆಯವಳು, ಹುಳುವಿನ ಜೊತೆಯಲ್ಲೇ ಬೆಳೆದವಳು. ನಾನು ರಾಮನಗರದ ಪೇಟೆಯಲ್ಲಿ ಗುಮಾಸ್ತರ ಮಗನಾಗಿ ಬೆಳೆದವನು. ರೇಷ್ಮೆಗೂಡು ತುಂಬಿದ ಗಾಡಿಗಳನ್ನು ಕಂಡಿದ್ದೆನೇ ಹೊರತು ಗೂಡಿನೊಳಗಿನ ಪ್ರಾಣಿಯ ಪರಿಚಯವಿರಲಿಲ್ಲ. ಮದುವೆಯ ಹೊಸತರಲ್ಲಿ ಒಂದು ದಿನ ಅವಳು, "ಹುಳ ಎಲ್ಲಾ ಜ್ವರಕ್ಕೆ ಕುಂತವೆ" ಎಂದಳು. ಹೋಗಿ ನೋಡಿದರೆ ಪಾಪ, ಸಾವಿರಾರು ಹುಳು ತಲೆಯೆತ್ತಿಕೊಂಡು ಅಲುಗಾಡದೆ ಕೂತಿವೆ, ಹಿಪ್ಪುನೇರಳೆ ಸೊಪ್ಪು ಮುಟ್ಟುತ್ತಿಲ್ಲ. ಸೈಕಲ್ ತುಳಿದುಕೊಂಡು ಹೋಗಿ ಜ್ವರದ ಮಾತ್ರೆ ತಂದೆ. ಜಯಮ್ಮ ನಕ್ಕೂ ನಕ್ಕೂ ಸೊಪ್ಪಿನ ರಾಶಿಯ ಮೇಲೆಯೇ ಕೂತುಬಿಟ್ಟಳು. "ರೀ, ಇದು ಪೊರೆ ಬುಡೋ ಜ್ವರ ಕಣ್ರೀ! ನಾಳೀಕೆ ತಾವೇ ಎದ್ದೇಳ್ತವೆ." ಮಾತ್ರೆಗಳನ್ನು ಸೆರಗಿನಲ್ಲಿ ಗಂಟು ಹಾಕಿಟ್ಟಳು. ಆ ವಾರವೇ ನನಗೆ ಜ್ವರ ಬಂದದ್ದರಿಂದ ಅವು ದಂಡವಾಗಲಿಲ್ಲ.

ಒಂದು ಮಾರ್ಗಶಿರದಲ್ಲಿ ಹಾರೋಹಳ್ಳಿಯ ಅವಳ ಅಕ್ಕ ಜಾರಿ ಬಿದ್ದು ಸೊಂಟ ಉಳುಕಿಸಿಕೊಂಡರು. ಜಯಮ್ಮ ಹೋಗಲೇಬೇಕಾಯಿತು. ಹುಳುಗಳು ಆಗಷ್ಟೇ ನಾಲ್ಕನೇ ಜ್ವರ ಎದ್ದಿದ್ದವು. ಇನ್ನೊಂದು ವಾರ ಚೆನ್ನಾಗಿ ಮೇದರೆ ಗೂಡು ಕಟ್ಟುತ್ತವೆ. ಮೊಟ್ಟೆಯೊಡೆದು ಸಾಸಿವೆಯಷ್ಟಿದ್ದಾಗಿನಿಂದ ಅವಳು ಸಾಕಿದ ಹುಳು. ಬಸ್ಸು ಹತ್ತುವ ತನಕ ಹೇಳುತ್ತಲೇ ಇದ್ದಳು: "ಒದ್ದೆ ಸೊಪ್ಪು ಹಾಕ್ಬೇಡಿ. ರೋಗ ತಗಲ್ದಂಗೆ ಬಾಗ್ಲಲ್ಲಿರೋ ಸುಣ್ಣ ತುಳ್ದು ಒಳೀಕೆ ಹೋಗಿ. ಕಿಟಕಿ ಹೆಂಗೈತೋ ಹಂಗೇ ಇರ್ಲಿ, ಮುಟ್ಬೇಡಿ." ಸೊಪ್ಪು ಕುಯ್ದು ತರಲು ಪಕ್ಕದ ಮನೆಯ ಕೆಂಪಜ್ಜಿಯನ್ನು ಒಪ್ಪಿಸಿದ್ದಳು. ನಾನು, "ಹೆದರಬೇಡ, ನಾನು ವಿಜ್ಞಾನದ ಮೇಷ್ಟ್ರು" ಎಂದೆ. ಅವಳ ಮುಖದಲ್ಲಿ ಹೆದರಿಕೆ ಇನ್ನಷ್ಟು ಹೆಚ್ಚಾದಂತೆ ಕಂಡಿತು.

ಎರಡನೇ ದಿನ ಸಂಜೆ ಚಳಿಗಾಳಿ ಎದ್ದಿತು. ಸ್ಕೂಲಿನಿಂದ ತಂದಿದ್ದ ಥರ್ಮಾಮೀಟರಿನಲ್ಲಿ ಪಾದರಸ ಸರಸರ ಇಳಿಯತೊಡಗಿತು. ನನ್ನ ಸಮಯ ಬಂತು ಅಂದುಕೊಂಡೆ. ಕಿಟಕಿಗಳಿಗೆಲ್ಲ ಗೋಣಿಚೀಲ ಬಿಗಿದು, ಸಂದುಗಳಿಗೆ ಹಳೇ ಬಟ್ಟೆ ತುರುಕಿ, ಅಗ್ಗಿಷ್ಟಿಕೆಯಲ್ಲಿ ಇದ್ದಿಲು ಹೊತ್ತಿಸಿ ಮೂಲೆಯಲ್ಲಿಟ್ಟೆ. ತೇವಾಂಶಕ್ಕೆಂದು ನೆಲಕ್ಕೆ ನೀರನ್ನೂ ಚಿಮುಕಿಸಿದೆ. ಪಾದರಸ ನಾನು ಹೇಳಿದ ಕಡೆ ಬಂದು ನಿಂತಿತು. ಸೂರ್ಯನನ್ನು ಸರಿಯಾದ ದೂರದಲ್ಲಿ ನಾನೇ ತಂದು ನಿಲ್ಲಿಸಿದವನಂತೆ ಬೀಗುತ್ತ, ಬಾಗಿಲು ಭದ್ರವಾಗಿ ಹಾಕಿ ಮಲಗಿದೆ.

ಬೆಳಗ್ಗೆ ಕೆಂಪಜ್ಜಿ ಸೊಪ್ಪಿನ ಹೊರೆ ಇಳಿಸಿ ಬಾಗಿಲು ತೆಗೆದಳು. ಚರಚರ ಮೇಯುವ ಸದ್ದೇ ಇಲ್ಲ. ಹುಳುಗಳು ಸಾಕುವ ಬಿದಿರು ತಟ್ಟೆಗಳ ಅಂಚಿನಲ್ಲಿ ತಲೆ ಜೋತುಹಾಕಿಕೊಂಡು ಬಿದ್ದಿದ್ದವು. ಕೆಲವು ಹಸಿರು ನೀರು ಕಾರಿದ್ದವು.

"ಅಯ್ಯೋ ನನ್ನಪ್ಪ, ಇದೇನ್ ಮಾಡ್ಬುಟ್ರಿ ಮೇಷ್ಟ್ರೇ?"

"ಶಾಖ ಸರಿಯಾಗೇ ಇದೆಯಲ್ಲ ಅಜ್ಜಿ, ನೋಡು" ಎಂದು ಥರ್ಮಾಮೀಟರ್ ತೋರಿಸಿದೆ.

"ಅದ್ನ ಅತ್ಲಾಗ್ ಮಡುಗಿ. ಉಸ್ರು ಎಲ್ಲೈತೆ ಇಲ್ಲಿ? ಮೈ ಬಂದ ಹುಳಕ್ಕೆ ಗಾಳಿ ಬ್ಯಾಡ್ವಾ? ನೀವೇ ಒಸಿ ಹೊತ್ತು ಈ ಗೋಣಿಯೊಳೀಕೆ ಮನೀಕಳಿ, ಗೊತ್ತಾಯ್ತದೆ."

ಗಾಳಿ! ಬೋರ್ಡಿನ ಮೇಲಿನ ನಾಲ್ಕನೇ ಸಾಲು. ಇಬ್ಬರೂ ಸೇರಿ ಗೋಣಿ ಕಿತ್ತೆವು, ಅಗ್ಗಿಷ್ಟಿಕೆ ಹೊರಗೆಸೆದೆವು, ತಟ್ಟೆಗಳನ್ನು ಒಂದೊಂದಾಗಿ ಜಗುಲಿಗೆ ಹೊತ್ತೆವು. ನಾನು ಸ್ಕೂಲಿಗೆ ಹೋಗಲಿಲ್ಲ. "ಮನೆಯಲ್ಲಿ ಅನಾರೋಗ್ಯ" ಎಂದು ರಜಾ ಚೀಟಿ ಬರೆದು ಕಳಿಸಿದೆ, ಸುಳ್ಳೇನಲ್ಲ. ಒಂದು ಹುಳುವನ್ನು ಅಂಗೈಯಲ್ಲಿಟ್ಟುಕೊಂಡು ಕೂತೆ. ತಣ್ಣಗಿತ್ತು, ಮೆತ್ತಗಿತ್ತು. ಇಷ್ಟು ವರ್ಷ ನಮ್ಮ ಹಿತ್ತಲಿನಲ್ಲೇ ಹುಳುಗಳಿದ್ದರೂ ನಾನು ಒಂದನ್ನು ಮುಟ್ಟಿದ್ದು ಅದೇ ಮೊದಲು. ಬಿಸಿಲು ಜಗುಲಿಗೆ ಬರುವ ಹೊತ್ತಿಗೆ ಅದು ಮೆಲ್ಲಗೆ ತಲೆಯೆತ್ತಿತು. ಎಲೆಯೊಂದನ್ನು ಹತ್ತಿರ ಹಿಡಿದೆ. ಒಂದಷ್ಟು ಹೊತ್ತು ಯೋಚಿಸಿ, ಅಂಚನ್ನು ಕಚ್ಚಿತು. ನನ್ನ ಕಣ್ಣಲ್ಲಿ ನೀರು ಬಂತು. "ಹೊಗೆ, ಅಜ್ಜಿ" ಎಂದೆ. "ಹೊಗೆ ಆಗ್ಲೇ ಹೋಯ್ತಲ್ಲ ಮೇಷ್ಟ್ರೇ" ಎಂದಳು ಮುದುಕಿ.

ಅಗ್ಗಿಷ್ಟಿಕೆಯ ಪಕ್ಕದಲ್ಲಿದ್ದ ಮೂರು ತಟ್ಟೆಯ ಹುಳುಗಳು ಉಳಿಯಲಿಲ್ಲ. ಮರುದಿನ ಜಯಮ್ಮ ಬಸ್ಸಿಳಿದಾಗ ನಾನು ಸ್ಟಾಪಿನಲ್ಲೇ ಕಾದಿದ್ದೆ, ನಡೆದದ್ದನ್ನೆಲ್ಲ ದಾರಿಯುದ್ದಕ್ಕೂ ಹೇಳಿದೆ. ಅವಳು ನೇರ ಹುಳುಮನೆಗೆ ಹೋಗಿ ಆ ಮೂರು ಖಾಲಿ ತಟ್ಟೆಗಳ ಮುಂದೆ ನಿಂತು, ಒಂದನ್ನು ಬರಿಗೈಯಿಂದ ಒರೆಸಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಆಮೇಲೆ ತಿರುಗಿ, "ಮಿಕ್ಕವು ಉಳಕಂಡ್ವಲ್ಲ, ಬುಡಿ. ನೀವು ಉಂಡ್ರಾ?" ಎಂದಳು. ಮನೆಗೆ ಬಂದವರು ತಟ್ಟೆ ಯಾಕೆ ಖಾಲಿ ಎಂದು ಕೇಳಿದರೆ, "ಚಳಿಗೆ ಒಸಿ ಹೋದ್ವು" ಎನ್ನುತ್ತಿದ್ದಳು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ನನ್ನ ಇಡೀ ನೌಕರಿಯಲ್ಲಿ, ತಪ್ಪೆಂದು ಗೊತ್ತಿದ್ದೂ ನಾನು ತಿದ್ದದೆ ಬಿಟ್ಟ ವೈಜ್ಞಾನಿಕ ವಿವರಣೆ ಅದೊಂದೇ.

ಉಳಿದ ಹುಳುಗಳು ಚೆನ್ನಾಗಿ ಗೂಡು ಕಟ್ಟಿದವು. ಮುಂದಿನ ಬೆಳೆಯ ಹೊತ್ತಿಗೆ ಮಾಗಡಿಯಲ್ಲಿ ಒಂದು ಮದುವೆ ಬಂತು. ಜಯಮ್ಮ ಮತ್ತೆ ಹೊರಟಳು. ನನಗೆ ಈ ಸಲ ಏನೂ ಹೇಳಲಿಲ್ಲ. ಬೇಲಿಯ ಹತ್ತಿರ ನಿಂತು ಕೆಂಪಜ್ಜಿಗೆ ಹೇಳುತ್ತಿದ್ದುದು ಮಾತ್ರ ಕಿವಿಗೆ ಬಿತ್ತು: "ಹುಳಕ್ಕೆ ಹೊತ್ತೊತ್ತಿಗೆ ಸೊಪ್ಪು ಹಾಕಜ್ಜಿ. ಅವ್ರಿಗೂ ಒಸಿ ಮುದ್ದೆ ಹಾಕು. ಒಬ್ರ ಹತ್ರ ಒಬ್ರು ಹೋಗ್ದಂಗೆ ನೋಡ್ಕೊ." ನಾಲ್ಕು ದಿನ ಕಳೆದು ಬಂದವಳು ಮೊದಲು ಹಿತ್ತಲಿಗೆ ಹೋಗಿ ಹುಳುಗಳನ್ನು ನೋಡಿದಳು, ಆಮೇಲೆ ಒಳಗೆ ಬಂದು ನನ್ನನ್ನು ನೋಡಿದಳು. ಎಲ್ಲರೂ ಬದುಕಿದ್ದೆವು.