ಸ್ಟೇಷನ್ನಿನಲ್ಲಿ ಹಾಡಿದವನ ಹೆಸರು

ಇದನ್ನು ಬರೆಯಲು ಕೂತಾಗಲೆಲ್ಲ ನನಗೆ ಬೇರೇನೋ ಕೆಲಸ ನೆನಪಾಗುತ್ತಿತ್ತು. ಮುದುಕನಿಗೆ ಎಂಥ ಕೆಲಸ? ಇವತ್ತು ಯಾವುದೂ ನೆನಪಾಗಲಿಲ್ಲ, ಹೇಳಿಬಿಡುತ್ತೇನೆ. ಹೊಳೆನರಸೀಪುರದಲ್ಲಿ ಬ್ಯಾಂಡ್ ಸೆಟ್ ಇಟ್ಟಿದ್ದ ನನ್ನ ಸೋದರಮಾವನಷ್ಟು ಸಲೀಸಾಗಿ, ತಾಳಿ ಕಟ್ಟುವ ಮೊದಲೇ ಬೀಗರನ್ನು ಅಳಿಸಬಲ್ಲವರು ಇನ್ನೊಬ್ಬರಿರಲಿಲ್ಲ.

ತಪ್ಪೆಲ್ಲ ಒಂದು ಗ್ರಾಮಾಫೋನಿನದು. ಸ್ವದೇಶಕ್ಕೆ ಹೊರಟ ಕಾಫಿ ತೋಟದ ದೊರೆಯೊಬ್ಬ ಅದನ್ನು ಮಾವನಿಗೆ ಕೊಟ್ಟು ಹೋಗಿದ್ದ, ಜೊತೆಗೆ ಒಂದೇ ಒಂದು ಪ್ಲೇಟು. ಅಮೆರಿಕದ ಕಪ್ಪು ಜನರ ಬ್ಲೂಸ್ ಎಂಬ ಹಾಡು. ಒಂದು ಮಾತೂ ತಿಳಿಯದಿದ್ದರೂ ಮಾವ ಕಣ್ಣು ಮುಚ್ಚಿ ಕೇಳುತ್ತಿದ್ದ.

"ಒಂದು ಸಾಲ್ನ ಎರಡ್ ಸಲ ಯೋಳ್ತಾನೆ, ಮೂರನೇದ್ರಲ್ಲಿ ಉತ್ತರ ಕೊಡ್ತಾನೆ ಕಣ್ಲಾ ಅಳಿಯ. ನಮ್ಮವ್ವ ರಾಗಿ ಬೀಸೋವಾಗ ಇಂಗೇ ಅಲ್ವಾ?"

ಚನ್ನರಾಯಪಟ್ಟಣದ ಮದುವೆ ಮೆರವಣಿಗೆಯಲ್ಲಿ ಕ್ಲಾರಿನೆಟ್ಟಿನಲ್ಲಿ ಅದನ್ನೇ ನುಡಿಸಿದ. ಹೆಣ್ಣಿನ ಕಡೆಯವರು ಕಣ್ಣಿಗೆ ಸೆರಗು ಒತ್ತಿಕೊಂಡರು. ಗಂಡಿನ ತಂದೆ ಓಡಿಬಂದರು.

"ಏನಯ್ಯಾ, ಇದು ಮದ್ವೆಯೋ ತಿಥಿಯೋ?"

"ವಸಿ ತಡ್ಕಳಿ ಸಾ, ಮೂರನೇ ಸಾಲ್ನಾಗೆ ನಗು ಬತ್ತದೆ."

ನಗು ಬರುವ ಮೊದಲು ಛತ್ರ ಬಂತು.

ಆ ಹಾಡಿನ ಬಗ್ಗೆ ದೊರೆ ಹೇಳಿದ ಕತೆಯನ್ನು ಮಾವ ಪುರಾಣದಂತೆ ಹೇಳುತ್ತಿದ್ದ. ಅಮೆರಿಕದಲ್ಲಿಯೂ ಒಬ್ಬ ಬ್ಯಾಂಡ್ ಮೇಷ್ಟ್ರು. ರೈಲಿಗೆ ಕಾಯುತ್ತಿದ್ದಾಗ, ಹರಕು ಬಟ್ಟೆಯವನೊಬ್ಬ ಗಿಟಾರಿನ ತಂತಿಯ ಮೇಲೆ ಚಾಕು ಜಾರಿಸುತ್ತ ಹಾಡುತ್ತಿದ್ದನಂತೆ. ಮೇಷ್ಟ್ರು ಆ ಧಾಟಿಯಲ್ಲಿ ಹಾಡು ಬರೆದು ಅಚ್ಚು ಹಾಕಿಸಿದ. ಮೊದಲ ಹಾಡಿನ ಹಕ್ಕನ್ನು ಅಗ್ಗಕ್ಕೆ ಕಳೆದುಕೊಂಡ. ಆಮೇಲೆ ಬುದ್ಧಿ ಕಲಿತು ತಾನೇ ಕಂಪನಿ ತೆರೆದ. ದೇಶವೆಲ್ಲ ಗುನುಗಿತು.

"ಸಂತೇಲಿ ಸೊಪ್ಪು ಮಾರ್ದಂಗೆ ದುಃಖಾನ ಮಾರವ್ರೆ! ಆದ್ರೆ ಸ್ಟೇಷನ್ನಾಗೆ ಹಾಡ್ದೋನ ಎಸ್ರೇನ್ಲಾ? ದೊರೆಗೂ ಗೊತ್ತಿಲ್ವಂತೆ. ಮೇಷ್ಟ್ರು ಕೇಳ್ಬೇಕಾಗಿತ್ತು ಕಣ್ಲಾ."

ಅದೇ ಧಾಟಿಯಲ್ಲಿ ಮಾವನೂ ಒಂದು ಪದ ಕಟ್ಟಿದ:

ಹೊಳೆ ದಾಟಿ ಹೋದೋನು ಇನ್ನೂ ಬರ್ನಿಲ್ಲ,
ಹೊಳೆ ದಾಟಿ ಹೋದೋನು ಇನ್ನೂ ಬರ್ನಿಲ್ಲ,
ತಟ್ಟೇಲಿನ ಮುದ್ದೆ ನನ್ನೇ ನೋಡ್ತದೆ.

ಓದು ಬಾರದ ಮಾವ ಅದನ್ನು ನನ್ನ ಕೈಲಿ ಬರೆಸಿದ. ನಾನಾಗ ಎಸ್ಸೆಸ್ಸೆಲ್ಸಿ ಮುಗಿಸಿ ಹಾಸನದ ಅಚ್ಚುಕೂಟವೊಂದರಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಮಾರುವ ಹಾಡಿನ ಪುಸ್ತಕಕ್ಕೆ ಪದವನ್ನು ಸೇರಿಸಿದೆ. 'ಕಟ್ಟಿದವರು' ಎಂಬುದರ ಮುಂದೆ ನನ್ನ ಬೆರಳು ನನ್ನ ಹೆಸರಿನ ಮೊಳೆಗಳನ್ನೇ ಹೆಕ್ಕಿತು. ಬೆರಳಿನದೇ ತಪ್ಪೆನ್ನೋಣವೇ?

ಪುಸ್ತಕ ತಂದುಕೊಟ್ಟಾಗ ಮಾವ, "ಎಸ್ರು ಓದ್ಲಾ" ಎಂದ. ಅವನ ಹೆಸರು ಓದಿದೆ. "ಇನ್ನೊಂದ್ ಕಿತ" ಎಂದ. ಮತ್ತೆ ಓದಿದೆ. ಪುಸ್ತಕವನ್ನು ಎದೆಯ ಜೇಬಿನಲ್ಲಿಟ್ಟು, ಸಿಕ್ಕವರಿಗೆಲ್ಲ ತೋರಿಸುತ್ತ ಅರಕಲಗೂಡಿನ ಬಸ್ಸು ಹತ್ತಿದ.

ಸಂಜೆ ಬಂದು ಜಗಲಿಯ ಮೇಲೆ ಕೂತ.

"ಕಂಡಕ್ಟ್ರು ಬ್ಯಾರೆ ಎಸ್ರು ಓದ್ದ ಕಣ್ಲಾ. ನಿಂದು."

ನಾನು ಒಳಗೆ ಹೋಗಿ ನೀರು ತಂದಿಟ್ಟೆ.

"ಆಗ್ಲಿ ಬುಡು. ಸ್ಟೇಷನ್ನಾಗೆ ಹಾಡ್ದೋನ್ ಎಸ್ರ ಒಂದ್ ಸಲಾನೂ ಯಾರೂ ಯೋಳ್ನಿಲ್ಲ. ನೀನು ನನ್ನೆಸ್ರ ಎರಡ್ ಸಲ ಓದಿದ್ಯಲ್ಲ."

ಅವನು ಆ ಮಾತನ್ನು ಮತ್ತೆ ಎತ್ತಲಿಲ್ಲ. ತಪ್ಪಾಯಿತು ಮಾವ ಎನ್ನಲು ನನಗೆ ಬಾಯಿ ಬರಲಿಲ್ಲ. ಅವನು ಹೋಗಿ ಬಹಳ ಕಾಲವಾಯಿತು. ಉತ್ತರ ಕೊಡಬೇಕಾದ ಮೂರನೇ ಸಾಲು ನನ್ನ ಬಳಿಯೇ ಉಳಿದಿದೆ.

ಕಟ್ಟಿದವರು: ಕ್ಲಾರಿನೆಟ್ ಕೆಂಚಪ್ಪ, ಹೊಳೆನರಸೀಪುರ.