ಸಾಹೇಬರ ತರಬೇತಿಯೂ ನಮ್ಮ ನಾಲೆ ಸೇತುವೆಯೂ

ಇಂಜಿನಿಯರುಗಳಿಗೆ ಪಾಠ ಹೇಳುವುದು ನಮ್ಮ ಸೀಮೆಯಲ್ಲಿ ಮುಗಿಯುವ ಕೆಲಸವಲ್ಲ. ಒಂದು ತರಬೇತಿ ಮುಗೀತು ಅನ್ನುವಷ್ಟರಲ್ಲಿ ಇನ್ನೊಂದು ಹುಟ್ಟುತ್ತದೆ, ಅದರ ಬೆನ್ನಿಗೇ ಒಂದು ನಗೆಪಾಟಲೂ ಅಂಟಿಕೊಂಡು ಬರುತ್ತದೆ. ನನಗೆ ಹೇಗೆ ಗೊತ್ತು ಅಂದರೆ, ಸಾಹೇಬರನ್ನು ಕೂರಿಸಿಕೊಂಡು ತಿರುಗುವ ಬಾಡಿಗೆ ಜೀಪು ನನ್ನದು. ನಾನು ಸ್ಕೂಲಿನ ಮೆಟ್ಟಿಲು ಹತ್ತಿದವನಲ್ಲ. ಆದರೆ ಸ್ಟೇರಿಂಗು ಹಿಡಿದರೆ ಶ್ರೀರಂಗಪಟ್ಟಣದಿಂದ ನಾಗಮಂಗಲಕ್ಕೆ ಕಣ್ಣು ಮುಚ್ಚಿಕೊಂಡು ಹೋಗಬಲ್ಲೆ. ಹೋಗಿಯೂ ಇದ್ದೀನಿ, ಅವತ್ತು ಎರಡು ಕಣ್ಣಿಗೂ ಹುಳ ಬಿದ್ದಿತ್ತು. ಒಂದು ಸಲ ಹೊಳೆ ಉಕ್ಕಿದಾಗ ಈ ಜೀಪನ್ನು ಈಜಿಸಿಕೊಂಡೇ ದಡ ಸೇರಿಸಿದೆ, ಹಿಂದೆ ಮಲಗಿದ್ದ ಸಾಹೇಬರಿಗೆ ಎಚ್ಚರವೂ ಆಗಲಿಲ್ಲ. ನಂಬದವರು ಬಂದು ಜೀಪನ್ನೇ ಕೇಳಿ.

ಈ ಸಾಹೇಬರು ಪಾಂಡವಪುರದ ಕಚೇರಿಯ ಇಂಜಿನಿಯರು. ನಾಲೆ, ತೂಬು, ನಾಲೆ ಮೇಲಿನ ಸೇತುವೆ ಎಲ್ಲ ಅವರ ಕೈಕೆಳಗೆ. ಒಳ್ಳೇ ಮನುಷ್ಯ. ಬಡ್ತಿ ಇನ್ನೇನು ಬಾಗಿಲಿಗೆ ಬಂದಿತ್ತು. ಅಷ್ಟರಲ್ಲಿ ಮೇಲಿನಿಂದ ಹೊಸ ಕಟ್ಟಳೆ ಇಳಿಯಿತು: ಇಂಜಿನಿಯರು ಅನ್ನಿಸಿಕೊಂಡವನು ವರ್ಷಾ ವರ್ಷ ಇಷ್ಟು ಗಂಟೆ ಅಂತ ತರಬೇತಿಯಲ್ಲಿ ಕೂರಬೇಕು, ಕೂತಿದ್ದಕ್ಕೆ ಮೆಷೀನಿಗೆ ಮುಖ ತೋರಿಸಬೇಕು. ಗಂಟೆ ತುಂಬದಿದ್ದರೆ ಬಡ್ತಿ ಇಲ್ಲ.

ಬೋಳು ತಲೆ

ಮೊದಲನೇ ತರಬೇತಿ ಶ್ರೀರಂಗಪಟ್ಟಣದಲ್ಲಿ. ಆ ವಾರವೇ ಸಾಹೇಬರ ತಂದೆ ತೀರಿಕೊಂಡಿದ್ದರು. ಬೆಳಗ್ಗೆ ಹೊಳೆಯಲ್ಲಿ ಬೂದಿ ಬಿಟ್ಟು, ತಲೆ ಮೀಸೆ ಎಲ್ಲ ಬೋಳಿಸಿಕೊಂಡು, ಒದ್ದೆ ಪಂಚೆ ಜೀಪಿನಲ್ಲೇ ಬದಲಾಯಿಸಿ ಸಾಹೇಬರು ತರಬೇತಿ ಹಾಲಿಗೆ ಓಡಿದರು. ಮೆಷೀನು ಅವರ ಮುಖ ನೋಡಿ ಕೆಂಪು ದೀಪ ಹಾಕಿತು.

ಅಲ್ಲಿ ಕೂತಿದ್ದ ಹೆಣ್ಣುಮಗಳು, "ಇದು ನಿಮ್ಮ ಮುಖ ಅಲ್ಲ ಅಂತಿದೆ ಸಾರ್" ಅಂದಳು.

"ನಮ್ಮ ತಂದೆ ಹೋಗ್ಬಿಟ್ರು ಕಣಮ್ಮ, ಅದಕ್ಕೆ ಬೋಳಿಸಿದ್ದೀನಿ."

"ಅಯ್ಯೋ ಪಾಪ. ಅದಕ್ಕೆ ಇದರಲ್ಲಿ ಬಟನ್ ಇಲ್ಲ ಸಾರ್."

ದೊಡ್ಡ ಅಧಿಕಾರಿ ಬಂದರು. ಸಾಹೇಬರ ಹೆಗಲು ಸವರಿದರು, ಸಮಾಧಾನ ಹೇಳಿದರು. ಕೊನೆಗೆ ಅಂದರು: "ಒಳಗೆ ಕೂತ್ಕೊಳಿ, ಊಟ ಮಾಡ್ಕೊಂಡು ಹೋಗಿ. ಗಂಟೆ ಮಾತ್ರ ಸಿಗಲ್ಲ. ಕೂದಲು ಬರೋವರೆಗೂ ನೀವು ಇಂಜಿನಿಯರ್ ಅಲ್ಲ."

ನಮ್ಮಜ್ಜಿಯ ಕಾಲದ ಎಣ್ಣೆ ತಂದು ನಾನೇ ಅವರ ತಲೆಗೆ ಉಜ್ಜಿದೆ. ನನ್ನ ಅಂಗೈಯಲ್ಲಿ ಕೂದಲು ಬಂತು, ಅವರ ತಲೆ ಹಾಗೇ ಇತ್ತು.

ಎಲ್ಲಿ ಹೋದರೂ ಇಲ್ಲ

ತಲೆ ಕಪ್ಪಗಾಗುವ ಹೊತ್ತಿಗೆ ಸಾಹೇಬರು ಗಂಟೆ ಲೆಕ್ಕದಲ್ಲಿ ಬಹಳ ಹಿಂದೆ ಬಿದ್ದಿದ್ದರು. ಎಲ್ಲಿ ತರಬೇತಿ ಅಂದರೆ ಅಲ್ಲಿಗೆ ಜೀಪು.

ಇದರಿಂದ ಸಿಕ್ಕಿಹಾಕಿಕೊಂಡವನು ನನ್ನ ಬಾಮೈದ, ಅಂದರೆ ನನ್ನ ಹೆಂಡತಿಯ ತಮ್ಮ. ಚಿನಕುರಳಿ ಕಡೆ ಎರಡು ಸೀಮೆ ಹಸು ಕಟ್ಟಿಕೊಂಡು ಬದುಕುವವನು. ಮನೆ ನಾಲೆಯ ಆಚೆ, ಹಾಲಿನ ಡೇರಿ ಈಚೆ, ನಡುವೆ ಒಂದು ಮುದಿ ಸೇತುವೆ. ಕಲ್ಲು ತುಂಬಿದ ಟಿಪ್ಪರುಗಳು ಅದರ ಮೇಲೇ ಓಡಾಡಿ ಸೇತುವೆ ಬಿರುಕು ಬಿಟ್ಟಿತ್ತು. ಮೊದಲು ಬೆರಳು ತೂರುತ್ತಿತ್ತು, ಆಮೇಲೆ ಕೈ ತೂರಿತು. ದಿನಾ ಎರಡು ಹೊತ್ತು ಅದೇ ಬಿರುಕಿನ ಮೇಲೆ ಅವನ ಮೊಪೆಡ್ಡು, ಹಾಲಿನ ಕ್ಯಾನು.

ಹೇಳೋಣ ಅಂತ ಕಚೇರಿಗೆ ಹೋದ. "ಸಾಹೇಬ್ರು ತರಬೇತ್ಗೆ ಕೆ.ಆರ್. ಪೇಟೆಗೆ ಹೋಗವ್ರೆ" ಅಂದರು. ಬಸ್ಸು ಹತ್ತಿ ಅಲ್ಲಿಗೆ ಹೋದ. "ಇಲ್ಲಿ ಬರೀ ಭಾಷಣ, ಪ್ರಾಕ್ಟಿಕಲ್ಲು ಕಿಕ್ಕೇರಿಲಿ" ಅಂದರು. ಕಿಕ್ಕೇರಿಗೆ ಹೋದರೆ ನಮ್ಮ ಜೀಪಿನ ಧೂಳು ಮಾತ್ರ ಇತ್ತು. ನನ್ನ ಜೀಪನ್ನು ಹಿಂದಿನಿಂದ ಹಿಡಿದವರು ಇದುವರೆಗೂ ಹುಟ್ಟಿಲ್ಲ.

ರೇಗಿಕೊಂಡು ನಮ್ಮ ಮನೆಗೆ ಬಂದ. "ಏನ್ ಭಾವ, ದಿನಾ ಪಕ್ಕದಲ್ಲೇ ಕೂತಿರ್ತೀಯ. ಒಂದ್ ಮಾತು ಯೋಳಕಾಗಕಿಲ್ವಾ?"

"ಯೋಳಿವ್ನಿ ಕಣ್ಲಾ. ಬರ್ತೀನಿ ಅಂದವ್ರೆ."

"ಯಾವಾಗ?"

"ಕಲ್ತು ಮುಗುದ್ಮೇಲೆ."

"ಅಷ್ಟೊತ್ಗೆ ನಮ್ ಸೇತುವೇನೂ ಕಲ್ತಿರ್ತದೆ ಬುಡು, ಬೀಳೋದ."

ನಾಗಮಂಗಲದ ಶಾಲು

ಕೊನೆಗೆ ನಾಗಮಂಗಲದ ತರಬೇತಿಗೆ ನಾನೇ ಅವನನ್ನು ಜೀಪಿನ ಹಿಂದೆ ಕೂರಿಸಿಕೊಂಡು ಹೋದೆ. ಅವನು ಸೀದಾ ತರಬೇತಿ ಹಾಲಿನೊಳಗೆ ನುಗ್ಗಿದ. ಅವತ್ತು "ರೈತರೊಂದಿಗೆ ಮಾತುಕತೆ" ಅಂತ ಒಂದು ಪಾಠ ಇತ್ತು, ಕರೆದಿದ್ದ ರೈತ ಬಂದಿರಲಿಲ್ಲ. ಪಂಚೆ ಕಂಡದ್ದೇ ತಡ, ಇವನನ್ನು ವೇದಿಕೆ ಹತ್ತಿಸಿ ಮೈಕು ಕೊಟ್ಟರು.

ಇವನು ಬಿರುಕನ್ನು ವರ್ಣಿಸಿದ. ಟಿಪ್ಪರು ಬಂದಾಗ ಸೇತುವೆ ನರಳುವುದನ್ನು ಬಾಯಿಂದ ಅನುಕರಿಸಿ ತೋರಿಸಿದ. "ನಂಗೆ ಎಂಡ್ರು ಮಕ್ಳವ್ರೆ ಸ್ವಾಮಿ, ಯಾರಾರ ಬಂದ್ ನೋಡಿ" ಅಂತ ಕೈ ಮುಗಿದ. ಇಡೀ ಸಭೆಯೇ ಚಪ್ಪಾಳೆ ತಟ್ಟಿತು. ಪಾಠ ಮಾಡುವವರು, "ಬಹಳ ಒಳ್ಳೇ ಉದಾಹರಣೆ" ಅಂದರು. ಇಂಜಿನಿಯರುಗಳೆಲ್ಲ ಗುಂಪು ಗುಂಪಾಗಿ ಕೂತು, ಅವನ ಸೇತುವೆಯನ್ನು ಹೇಗೆ ರಿಪೇರಿ ಮಾಡಬೇಕು ಅಂತ ದೊಡ್ಡ ದೊಡ್ಡ ಹಾಳೆಯಲ್ಲಿ ಬಣ್ಣ ಬಣ್ಣದ ಚಿತ್ರ ಬರೆದು ಗೋಡೆಗೆ ಅಂಟಿಸಿದರು. ನಮ್ಮ ಸಾಹೇಬರ ಗುಂಪಿಗೆ ಬಹುಮಾನ. ಇವನಿಗೊಂದು ಶಾಲು, ಎಲ್ಲರಿಗೂ ಹೋಳಿಗೆ ಊಟ.

ಬರುವಾಗ ಶಾಲು ಹೊದ್ದು ಕೂತಿದ್ದ. "ಏನ್ಲಾ, ಏನಾಯ್ತು?" ಅಂದೆ.

"ಸೇತುವೆ ರಿಪೇರಿ ಆಯ್ತು ಭಾವ" ಅಂದ. "ಗ್ವಾಡೆ ಮ್ಯಾಲೆ."

ಜೀಪಿನೊಳಗಿನ ಪಾಠ

ಇನ್ನು ನನ್ನ ಬುದ್ಧಿಯನ್ನೇ ಉಪಯೋಗಿಸಬೇಕು ಅಂದುಕೊಂಡೆ. ಒಳದಾರಿ ಹತ್ತಿರ ಅಂತ ಹೇಳಿ ಸಾಹೇಬರನ್ನು ನೇರ ಆ ಸೇತುವೆಯ ಬುಡಕ್ಕೇ ತಂದು ನಿಲ್ಲಿಸಿದೆ. ಇಡೀ ಜಿಲ್ಲೆಯಲ್ಲಿ ಬೇರೆ ಯಾರಿಂದಲೂ ಆಗದ ಕೆಲಸ ಅದು. ಸಾಹೇಬರು ಇಳಿಯಲು ಕಾಲು ಚಾಚಿದರು. ಸರಿಯಾಗಿ ಆಗಲೇ ಮೊಬೈಲು ಕಿರುಚಿತು. ಆನ್‌ಲೈನ್ ತರಬೇತಿ ಶುರು!

ಅದರ ನಿಯಮ ಇನ್ನೂ ಬಿಗಿ. ಮೊಬೈಲಿನಲ್ಲಿ ಒಂದು ಸುತ್ತು ಗೆರೆ, ಮುಖ ಅದರೊಳಗೇ ಇರಬೇಕು. ಆಚೀಚೆ ಆದರೆ ಆ ಗಂಟೆ ಹೋಯಿತು. ಸಾಹೇಬರು ಮೊಬೈಲನ್ನು ಗಾಜಿನ ಮುಂದೆ ಸಿಕ್ಕಿಸಿ ದೇವರ ಮೂರ್ತಿಯ ಹಾಗೆ ಕೂತರು. ಅವತ್ತಿನ ಪಾಠ, ಸೇತುವೆಯ ಬಿರುಕು ಗುರುತಿಸುವುದು.

ಬಾಮೈದ ಓಡಿಬಂದು ಗಾಜು ತಟ್ಟಿದ. "ಸಾರ್, ಇಳೀರಿ ಸಾರ್. ಒಂದ್ ಕಿತ ನೋಡಿ."

ಸಾಹೇಬರು ತುಟಿ ಅಲ್ಲಾಡಿಸದೆ, "ಶ್! ಬಿರುಕಿನ ಪಾಠ ನಡೀತಾ ಇದೆ" ಅಂದರು.

"ಇಲ್ಲೇ ಅದೆಯಲ್ಲ ಸಾರ್ ಬಿರುಕು! ತಲೆ ತಿರುಗ್ಸಿದ್ರೆ ಕಾಣ್ತದೆ!"

"ತಲೆ ತಿರುಗಿಸೋ ಹಾಗಿಲ್ಲ ಕಣಪ್ಪ."

ಮೊಬೈಲು ಹೇಳುತ್ತಿತ್ತು: "ಬಿರುಕು ಕಂಡ ತಕ್ಷಣ ಭಾರಿ ವಾಹನಗಳನ್ನು ನಿಲ್ಲಿಸಬೇಕು." ಸಾಹೇಬರು ಗೆರೆ ದಾಟದಂತೆ ಮೆಲ್ಲಗೆ ತಲೆ ಆಡಿಸಿದರು. ಪಕ್ಕದಲ್ಲೇ ಒಂದು ಟಿಪ್ಪರು ಸೇತುವೆ ಹತ್ತಿ ಇಳಿಯಿತು. ಜೀಪಿನ ಗಾಜೆಲ್ಲ ಧೂಳು.

ಪಾಠ ಮುಗಿಯಿತು. ಕೇಳಿದ ಪ್ರಶ್ನೆಗೆಲ್ಲ ಸಾಹೇಬರು ಸರಿಯುತ್ತರ ಕೊಟ್ಟರು, ಅಲ್ಲಿಗೆ ಗಂಟೆಯೂ ತುಂಬಿತು. ಆಮೇಲೆ ಇಳಿದು ಬಿರುಕಿಗೆ ಕೈ ತೂರಿಸಿ ನೋಡಿ ಬೆವತುಹೋದರು.

"ನಾಳೆನೇ ಅಡ್ಡ ಕಟ್ಟಿಸ್ತೀನಿ. ಇದು ಬಹಳ ಅಪಾಯ ಕಣಯ್ಯ, ಈಗ ತಾನೇ ಕಲಿತೆ."

ಪಾಠವಾದ ಸೇತುವೆ

ಆ ನಾಳೆಯ ಬೆಳಗ್ಗೆ, ಅಡ್ಡ ಕಟ್ಟುವವರು ಬರುವ ಮೊದಲೇ ಟಿಪ್ಪರು ಬಂತು. ಟಿಪ್ಪರು ದಾಟಿತು. ಅದರ ಹಿಂದೆಯೇ ಹಾಲಿನ ಕ್ಯಾನು ಕಟ್ಟಿಕೊಂಡು ಹೊರಟಿದ್ದ ನನ್ನ ಬಾಮೈದ ಸೇತುವೆಯ ಜೊತೆಗೇ ನಾಲೆಗೆ ಬಿದ್ದ.

ಅವನ ಕಾಲಿನ ಮೇಲೆ ಬಿದ್ದಿದ್ದ ಚಪ್ಪಡಿಯನ್ನು ನಾನೊಬ್ಬನೇ ಎತ್ತಿದೆ. ಊರವರೂ ಕೈ ಹಾಕಿದರು ಅನ್ನುವವರ ಮಾತು ಕೇಳಬೇಡಿ. ಮೈಸೂರಿನವರೆಗೆ ಜೀಪಿನ ಚಕ್ರ ನೆಲ ಮುಟ್ಟಲಿಲ್ಲ. ಆದರೂ ಮಂಡಿಯಿಂದ ಕೆಳಗೆ ತೆಗೆಯಲೇಬೇಕು ಅಂದರು ಡಾಕ್ಟರು, ತೆಗೆದರು. ನನ್ನ ಹೆಂಡತಿ ಆಸ್ಪತ್ರೆಯ ಬಾಗಿಲಲ್ಲಿ ಒಂದೇ ಮಾತು ಕೇಳಿದಳು: "ಸಾಹೇಬ್ರು ನನ್ನ ಕೈಲವ್ರೆ ಅಂತ ಊರೆಲ್ಲ ಮೆರೀತಿದ್ರಲ್ಲ?"

ವಿಚಾರಣೆ ನಡೆಯಿತು. ಸೇತುವೆ ಸುರಕ್ಷತೆಯಲ್ಲಿ ಇಷ್ಟೊಂದು ತರಬೇತಿ ಪಡೆದವರ ಮೇಲೆ ತಪ್ಪು ಹೊರಿಸುವುದು ಹೇಗೆ ಅಂದರು. ಸಾಹೇಬರಿಗೆ ಬಡ್ತಿ ಬಂತು. ಬಿದ್ದ ಸೇತುವೆ ಎತ್ತುವ ಮುಂಚೆಯೇ ಅಲ್ಲೇ ಒಂದು ತರಬೇತಿ ಇಟ್ಟರು. ಒಂದು ಬಸ್ಸು ಇಂಜಿನಿಯರುಗಳು ಬಂದಿಳಿದರು. ಪಾಠ ಹೇಳುವವರು ನಮ್ಮ ಸಾಹೇಬರೇ. ಬಾಮೈದನನ್ನೂ ಕರೆಸಿದ್ದರು, ಬಿದ್ದ ಜಾಗ ತೋರಿಸಲಿಕ್ಕೆ. ಊರುಗೋಲು ಊರಿಕೊಂಡು ನಾಲೆ ಏರಿಯ ಮೇಲೆ ನಿಂತ.

"ಸ್ವಲ್ಪ ಪಕ್ಕಕ್ಕೆ ಬಾರಪ್ಪ, ಹಿಂದಿರೋ ಕಂಬ ಕಾಣಲಿ" ಅಂತ ಫೋಟೋ ತೆಗೆದರು.

ಒಬ್ಬರು ಕೇಳಿದರು: "ಬೀಳೋ ಮೊದಲು ಏನಾದರೂ ಮುನ್ಸೂಚನೆ ಇತ್ತಾ?"

"ಇತ್ತು ಸಾರ್. ನಾನೇ."

ಸಾಹೇಬರು ಕೆಮ್ಮಿದರು. ಅವರ ಕಣ್ಣೂ ಒದ್ದೆಯಾಗಿತ್ತು, ಸುಳ್ಳು ಹೇಳಬಾರದು. ಹತ್ತಿರ ಬಂದು ಮೆಲ್ಲಗೆ, "ನಿನ್ನಿಂದ ಎಲ್ಲರೂ ಬಹಳ ಕಲಿತರಪ್ಪ. ಇನ್ನೇನಾದರೂ ಹೇಳೋದಿದೆಯಾ?" ಅಂದರು.

ಬಾಮೈದ ತನ್ನ ಕಾಲನ್ನೊಮ್ಮೆ ನೋಡಿಕೊಂಡ. "ಇನ್ನೊಂದ್ ಕಾಲು ಅದೆ ಸಾರ್. ಮುಂದಿನ್ ವರ್ಸದ ತರಬೇತ್ಗೆ ಯಾವ ಸೇತುವೆ ಹತ್ರ ಬರ್ಲಿ, ಯೋಳ್ಬುಡಿ."

ಯಾರೂ ನಗಲಿಲ್ಲ. ಎಲ್ಲರೂ ತಲೆ ಬಗ್ಗಿಸಿ ಅದನ್ನೂ ಬರೆದುಕೊಂಡರು.