ಡಬ್ಬಿ ಹಿಡಿದು ಬ್ಯಾಕ್ಟೀರಿಯಾ ಬೇಟೆ

ಮನುಷ್ಯರ ಕರುಳಿನಲ್ಲಿರುವ ಹೊಸ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿ ಬೆಳೆಸುವುದು ಬಳ್ಳಾರಿಯ ಒಂದು ಲ್ಯಾಬಿನಲ್ಲಿ ನನ್ನ ಕೆಲಸ. ಅದಕ್ಕೆ ಜನರ ಮಲ ಬೇಕು. ಮಲ ಕೇಳಿಕೊಂಡು ಮನೆಮನೆ ತಿರುಗುವವನಿಗೆ ಕೆಳಗಿನಂಥ ಪ್ರಸಂಗ ವಾರಕ್ಕೊಂದಾದರೂ ಆಗದೆ ಇರುವುದಿಲ್ಲ.

ಬ್ರೂಸ್‌ಪೇಟೆ

ಲ್ಯಾಬಿನ ಡಬ್ಬಿಗಳು ಮುಗಿದಿದ್ದವು. ಬ್ರೂಸ್‌ಪೇಟೆಯ ಪ್ಲಾಸ್ಟಿಕ್ ಅಂಗಡಿಗೆ ಹೋಗಿ, ಗಟ್ಟಿ ಮುಚ್ಚಳದ ಡಬ್ಬಿ ನೂರು ಬೇಕು ಎಂದೆ.

"ಉಪ್ಪಿನಕಾಯಿಗೇನ್ರಿ?" ಎಂದ ಅಂಗಡಿಯವ.

ಸುಳ್ಳು ಹೇಳಲು ನನಗೆ ಬರುವುದಿಲ್ಲ. ವಿವರವಾಗಿಯೇ ಹೇಳಿದೆ. ಅವನು ನೂರು ಡಬ್ಬಿ ಎಣಿಸಿ ಕೊಟ್ಟು, "ಮಾರಿದ ಮಾಲು ವಾಪಸ್ ತಗೊಳ್ಳಾಂಗಿಲ್ರಿ" ಎಂದ.

ಕುರುಗೋಡು

ಕುರುಗೋಡಿನ ವ್ಯಾಪಾರಿಯೊಬ್ಬರು ಒಪ್ಪಿ ಡಬ್ಬಿ ಇಸಿದುಕೊಂಡರು. ಮರುದಿನ ಹೋದಾಗ ಅವರು ಮನೆಯಲ್ಲಿರಲಿಲ್ಲ. ಅವರ ಹೆಂಡತಿ ಡಬ್ಬಿಯನ್ನು ಚೀಲದಲ್ಲಿಟ್ಟು ಕೊಟ್ಟರು. ಗಾಳಿ ತಾಗಿದರೆ ಈ ಬ್ಯಾಕ್ಟೀರಿಯಾ ಸಾಯುತ್ತವೆ. ಮುಚ್ಚಳ ಮುಟ್ಟದೆ ಬಳ್ಳಾರಿಗೆ ಓಡಿಬಂದು, ಆಮ್ಲಜನಕವಿಲ್ಲದ ಗಾಜಿನ ಪೆಟ್ಟಿಗೆಯೊಳಗಿಟ್ಟು, ಉಸಿರು ಬಿಗಿಹಿಡಿದು ತೆರೆದೆ.

ಸಕ್ಕರೆ.

ಫೋನ್ ಮಾಡಿದೆ. "ಅವರಿಗೆ ಇವತ್ತ ಆಗ್ಲಿಲ್ರಿ," ಎಂದರು ಆ ತಾಯಿ. "ಖಾಲಿ ಡಬ್ಬಿ ಹೆಂಗ ವಾಪಸ್ ಕೊಡೋದಂತ ಒಂದೀಟು ಸಕ್ಕರಿ ಹಾಕೀನಿ."

ಒಳ್ಳೆಯ ಸಕ್ಕರೆ. ಆದರೂ ಲ್ಯಾಬಿನಲ್ಲಿ ಯಾರೂ ಚಹಾಕ್ಕೆ ಹಾಕಿಕೊಳ್ಳಲಿಲ್ಲ.

ಸಿರುಗುಪ್ಪ

ನಾಲ್ಕು ವರ್ಷ ಹುಡುಕಿದ ಮೇಲೆ ಸಿರುಗುಪ್ಪದ ಅಜ್ಜಿಯೊಬ್ಬರ ಡಬ್ಬಿಯಲ್ಲಿ, ಇದುವರೆಗೆ ಯಾರೂ ಕಾಣದ ಬ್ಯಾಕ್ಟೀರಿಯಾ ಸಿಕ್ಕಿತು. ಕುಣಿಯುವಷ್ಟು ಖುಷಿಯಾಯಿತು. ನನ್ನ ಪಿಎಚ್‌ಡಿ ನಿಂತಿದ್ದೇ ಅದರ ಮೇಲೆ. ಹೆಚ್ಚು ಬೆಳೆಸುವ ಮೊದಲೇ ಪೆಟ್ಟಿಗೆಗೆ ಗಾಳಿ ನುಗ್ಗಿ ಅಷ್ಟೂ ಸತ್ತವು. ಇನ್ನೊಂದು ಡಬ್ಬಿ ಬೇಕೇಬೇಕು. ಅಜ್ಜಿಯ ಸೊಸೆಗೆ ಫೋನ್ ಮಾಡಿ, "ಅಜ್ಜಿ ಹೊಟ್ಟ್ಯಾಗ ಎಲ್ಲೂ ಇಲ್ಲದ ಬ್ಯಾಕ್ಟೀರಿಯಾ ಐತ್ರಿ, ಬರೋ ಸೋಮವಾರ ಮತ್ತ ಬರ್ತೀನಿ" ಎಂದೆ.

ಸೋಮವಾರ ಅಜ್ಜಿ ಹೊಸ ಸೀರೆ ಉಟ್ಟು ಕಾದಿದ್ದರು. ಡಬ್ಬಿಯೂ ಸಿದ್ಧವಾಗಿತ್ತು. ಅದರ ಪಕ್ಕದಲ್ಲಿ ಗುಳಿಗೆಯ ಖಾಲಿ ಸ್ಟ್ರಿಪ್ಪು. ತಿರುಗಿಸಿ ಓದಿದೆ. ಆ್ಯಂಟಿಬಯಾಟಿಕ್.

"ಇದನ್ನ ಯಾರು ನುಂಗಿದ್ರು ಅಜ್ಜಿ?"

"ನಾನೇ. ಐದು ದಿನ, ಮೂರು ಹೊತ್ತು. ಮಗನಿಗೆ ಹೇಳಿ ಜೋರಿನ ಗುಳಿಗಿನೇ ತರಿಸಿದ್ದೆ. ಈಗ ನೋಡು, ಒಂದೂ ಸಿಗೂದಿಲ್ಲ."

ನನಗೆ ಅಳುವೇ ಬಂತು. "ಯಾಕ ಹಿಂಗ ಮಾಡಿದ್ರಿ ಅಜ್ಜಿ?"

ಅಜ್ಜಿ ನನ್ನನ್ನು ತಿಳಿಗೇಡಿಯನ್ನು ನೋಡುವಂತೆ ನೋಡಿದರು.

"ಬಳ್ಳಾರಿಯಿಂದ ಓದಿದ ಮಂದಿ ಬಂದು ನೋಡೋ ಹೊಟ್ಟಿ ಐತಿ. ಮಂದಿ ಬರ್ತಾರಂದ್ರ ಕಸ ಹೊಡಿಯೋದಿಲ್ಲೇನೋ ತಮ್ಮಾ?"